ಕುಳಿತಲ್ಲೇ ಹತ್ತು ಸಾವಿರ ಹೆಜ್ಜೆ

ನಮ್ಮ ಮನೆಯ ಪಡಸಾಲೆಯಲ್ಲಿ ಆರು ಹೊಲಿಗೆ ಯಂತ್ರಗಳಿವೆ. ರಾಯದುರ್ಗದಲ್ಲಿ ಇಂಥ ಮನೆಗಳಿಗೇನೂ ಬರವಿಲ್ಲ. ಜೀನ್ಸ್ ಪ್ಯಾಂಟು ಹೊಲಿಯುವವರ ಮನೆಯಲ್ಲಿ ಮಾತನ್ನೂ ಮೋಟರಿನ ಸದ್ದಿಗಿಂತ ಜೋರಾಗಿ ಆಡಬೇಕು. ಕಿಟಕಿ ಪಕ್ಕದ ಯಂತ್ರ ನನ್ನ ಗಂಡನದು. ಈಗಲೂ ಅವರದೇ ಅನ್ನುತ್ತೇನೆ. ಕೆಲಸದವರು ಯಾರೂ ಅಲ್ಲಿ ಕೂರುವುದಿಲ್ಲ, ಕೂರಿ ಎಂದು ನಾನೂ ಹೇಳುವುದಿಲ್ಲ.

ಎರಡು ವರ್ಷದ ಹಿಂದೆ ಅವರಿಗೆ ಸಕ್ಕರೆ, ಬಿಪಿ ಎರಡೂ ಒಟ್ಟಿಗೇ ಅಂಟಿಕೊಂಡವು. "ರೋಜೂ ನಡವಾಲಿ," ಎಂದು ಡಾಕ್ಟರು ತೆಲುಗಿನಲ್ಲಿ ಗದರಿದರು. ದಿನಾ ನಡೆಯಲೇಬೇಕು, ಕೂತು ಕೂತೇ ಹೃದಯಕ್ಕೆ ಪೆಟ್ಟು ಬಿದ್ದಿದೆ ಎಂದರು. ಆಮೇಲೆ ನನ್ನ ಕಡೆ ತಿರುಗಿ, ನೀವೂ ಜೊತೆಗೆ ಹೋಗಿ, ಇಲ್ಲದಿದ್ದರೆ ಇವರು ಹೋಗುವ ಪೈಕಿ ಅಲ್ಲ ಎಂದು ಸೇರಿಸಿದರು. ನಾನು ತಲೆಯಾಡಿಸಿದೆ.

ಮನೆಗೆ ಆರೋಗ್ಯ ನುಗ್ಗಿತು. ಗ್ರೀನ್ ಟೀ ಬಂತು, ಚಿಯಾ ಬೀಜ ಬಂತು, ಓಟ್ಸ್ ಬಂತು. ಓಟ್ಸ್ ಗಂಜಿಯನ್ನು ಅವರು ಮೂಸಿ ನೋಡಿ, "ಇದನ್ನ ಗ್ವಾಡಿಗೆ ಪೋಸ್ಟರ್ ಹಚ್ಚಾಕ ತಂದೀಯೇನ?" ಎಂದರು. ಮೊಳಕೆ ರಾಗಿಯ ಪುಡಿ ಎಂದು ಬಣ್ಣದ ಡಬ್ಬವೊಂದನ್ನು ತರಿಸಿದ್ದಕ್ಕೆ ಮಡಕಶಿರದಲ್ಲಿರುವ ನನ್ನ ತಾಯಿ ಫೋನಿನಲ್ಲೇ ಉಗಿದಳು. "ಅಲ್ಲ ಕಣೇ, ಹೊಲ್ದಾಗೆ ಬೆಳ್ದಿರೋ ರಾಗಿ ಕಳ್ಸಿದ್ರೆ ಹುಳ ಬೀಳ್ಸಿದೆ. ಅದ್ನೇ ಡಬ್ಬಕ್ಕಾಕಿ ಕೊಟ್ರೆ ಕಣ್ಗೊತ್ಕೊಂಡು ಕುಡೀತೀಯ?" ಬೈಸಿಕೊಂಡೆ. ಆದರೂ ಡಬ್ಬ ತರಿಸುವುದನ್ನು ಬಿಡಲಿಲ್ಲ. ತರಿಸುವುದು ಸುಲಭ, ನಡೆಯುವುದು ಕಷ್ಟ.

ಹೆಜ್ಜೆ ಎಣಿಸುವ ಬ್ಯಾಂಡನ್ನು ಅವರ ಕೈಗೆ ಕಟ್ಟಿದವಳೂ ನಾನೇ. ಬೆಳಿಗ್ಗೆ ಕೋಟೆ ಗುಡ್ಡದ ಬುಡದವರೆಗೆ ಹೋಗುತ್ತಿದ್ದೆವು. ಅವರು ನಾಲ್ಕು ಮಾರು ಮುಂದೆ, ನಾನು ಮಂಡಿ ನೋವು ಎಂದು ಗೊಣಗುತ್ತಾ ಹಿಂದೆ. ಮೂರನೆಯ ದಿನ ಸಂಜೆ ಬ್ಯಾಂಡು ಗುರ್ರೆಂದು ಅದುರಿತು. ಹತ್ತು ಸಾವಿರ ಹೆಜ್ಜೆ ಮುಗಿದರೆ ಅದು ಹಾಗೆ ಅದುರುತ್ತದೆ. ಅವರು ಕೈ ಎತ್ತಿ ಇಡೀ ಪಡಸಾಲೆಗೆ ತೋರಿಸಿದರು.

"ನೋಡ್ರಿ ಎಲ್ಲಾರೂ, ಹತ್ತು ಸಾವಿರ ಆದ್ವು! ಮನ್ಯಾಗ ಓಡ್ಯಾಡಿದ್ದ ಸಾಕಾಗೈತಿ. ಇನ್ನ ಗುಡ್ಡಕ್ಕ ಯಾಕ ಹೋಗ್ಬೇಕು?"

ಮರುದಿನ ನಾನು ಹೊದಿಕೆ ಎಳೆದುಕೊಂಡು ಇನ್ನೊಂದು ಗಂಟೆ ಮಲಗಿದೆ. ಎಂಥ ಸುಖದ ನಿದ್ದೆ ಅದು.

ಒಂದು ವಾರ ಕಳೆದಿರಬೇಕು. ಅವರಿಗೆ ಮಜ್ಜಿಗೆ ಕೊಡಲು ಯಂತ್ರದ ಬಳಿ ನಿಂತಿದ್ದೆ. ಪ್ಯಾಂಟಿನ ಉದ್ದನೆಯ ಪಕ್ಕದ ಹೊಲಿಗೆ ಹಾಕುತ್ತಿದ್ದರು. ಬಟ್ಟೆ ತಳ್ಳುವುದು, ಎಳೆಯುವುದು, ಮುಗಿದದ್ದನ್ನು ರಾಶಿಗೆ ಒಗೆಯುವುದು. ಕೈ ಒಂದೊಂದು ಸಲ ಜಗ್ಗಿದಾಗಲೂ ಬ್ಯಾಂಡಿನ ಅಂಕಿ ಏರುತ್ತಿತ್ತು. ಕಾಲು ಮಾತ್ರ ಪೆಡಲಿನ ಮೇಲಿಂದ ಕದಲಿರಲಿಲ್ಲ. ಒಂದು ಪ್ಯಾಂಟು ಮುಗಿಯುವಷ್ಟರಲ್ಲಿ ಅವರು ಕೂತಲ್ಲೇ ಬೀದಿಯ ಕೊನೆಯವರೆಗೆ ಹೋಗಿ ಬಂದಿದ್ದರು.

"ಯಾಕ, ಏನಾತು?" ಎಂದು ತಲೆ ಎತ್ತಿದರು.

"ಏನಿಲ್ಲ ಕಣ್ರೀ. ಮಜ್ಜಿಗೆ ಕುಡೀರಿ," ಎಂದೆ.

ಹೇಳಬಹುದಿತ್ತು. ಅವರ ಖುಷಿಗೆ ಕಲ್ಲು ಹಾಕಲು ಮನಸ್ಸಾಗಲಿಲ್ಲ ಎಂದು ಈಗ ಯಾರ ಮುಂದಾದರೂ ಹೇಳಿಕೊಳ್ಳಬಹುದು. ಅದು ಸುಳ್ಳು. ಹೇಳಿದ್ದರೆ ಬೆಳಿಗ್ಗೆ ನಾನೂ ಏಳಬೇಕಾಗುತ್ತಿತ್ತು, ಅದಕ್ಕೇ ಹೇಳಲಿಲ್ಲ.

ಐದು ತಿಂಗಳಾದ ಮೇಲೆ, ಒಂದು ಮಧ್ಯಾಹ್ನ, ಅದೇ ಯಂತ್ರದ ಮೇಲೆ ತಲೆಯಿಟ್ಟು ಕುಸಿದರು. ಬಳ್ಳಾರಿಗೆ ಕರೆದೊಯ್ಯುವಾಗ ದಾರಿಯಲ್ಲೇ ಉಸಿರು ಹೋಯಿತು. ಮಾತಾಡಿಸಲು ಬಂದವರೆಲ್ಲ, "ಪಾಪ, ದಿನಾ ಹತ್ತು ಸಾವಿರ ಹೆಜ್ಜಿ ನಡೀತಿದ್ರು. ಅಂಥೋರಿಗೇ ಹಿಂಗಾತಲ್ರಿ," ಎನ್ನುತ್ತಿದ್ದರು. ಪ್ರತಿಯೊಬ್ಬರಿಗೂ ನಾನು ಹೂಂ ಎಂದೆ.

ಆಸ್ಪತ್ರೆಯವರು ಬ್ಯಾಂಡನ್ನು ಬಿಚ್ಚಿ ನನ್ನ ಕೈಗೆ ಕೊಟ್ಟರು. ಅದರ ಪಟ್ಟಿಗೆ ಜೀನ್ಸಿನ ನೀಲಿ ಹತ್ತಿದೆ, ತೊಳೆದರೂ ಹೋಗಿಲ್ಲ. ಅದನ್ನು ಕಟ್ಟಿಕೊಂಡೇ ಈಗ ದಿನಾ ಗುಡ್ಡದ ಬುಡದವರೆಗೆ ಹೋಗುತ್ತೇನೆ. ಒಬ್ಬಳೇ ಹೋದರೂ ಮುಂದೆ ನಾಲ್ಕು ಮಾರು ಜಾಗ ಬಿಟ್ಟೇ ನಡೆಯುತ್ತೇನೆ. ಬೇಗ ಹೆಜ್ಜೆ ಹಾಕಿದರೆ ಆ ಜಾಗವನ್ನು ತುಳಿದುಬಿಡುತ್ತೇನೋ ಎಂದು ಭಯ.

ಮೊನ್ನೆ ಅವಸರದ ಮಾಲು ಬಂದಿತ್ತು, ಕೈ ಸಾಲಲಿಲ್ಲ. ಮೊದಲ ಸಲ ಕಿಟಕಿ ಪಕ್ಕದ ಯಂತ್ರದಲ್ಲಿ ನಾನೇ ಕೂತೆ. ನಾಲ್ಕು ಗಂಟೆಯ ಹೊತ್ತಿಗೆ ಬ್ಯಾಂಡು ಅದುರಿತು. ನನಗೆ ಗೊತ್ತಿಲ್ಲದೆ ಕೈ ಮೇಲೆದ್ದಿತು, ಅವರು ಎತ್ತುತ್ತಿದ್ದ ಹಾಗೆಯೇ.

ಎದುರಿನ ಯಂತ್ರದ ಹೆಂಗಸು ನಕ್ಕಳು. "ಹತ್ತು ಸಾವಿರ ಆದ್ವೇನ್ರಿ, ಅಕ್ಕಾ?"

"ಆಗಿಲ್ಲ ಕಣಮ್ಮ," ಎಂದೆ. "ಅವರ್ದೂ ಆಗಿರ್ಲಿಲ್ಲ. ನಂಗೆ ಗೊತ್ತಿತ್ತು."

ಅವಳು ಪೆಡಲಿನಿಂದ ಕಾಲು ತೆಗೆದು ನನ್ನನ್ನೇ ನೋಡಿದಳು.