ದನಿ ಕೇಳಿ ಕರೆಂಟು ಕೊಡುತ್ತಿದ್ದ ಮಾಮಾ

ಪರಶುರಾಮ ಮಾಮಾಗೆ ಮುಖ ಬೇಕಾಗಿರಲಿಲ್ಲ, ದನಿ ಸಾಕಿತ್ತು. ಖಾನಾಪುರದ ವಿದ್ಯುತ್ ಉಪಕೇಂದ್ರದಲ್ಲಿ ಫೋನಿನ ಬಾಜು ಕುರ್ಚಿ ಹಾಕಿಕೊಂಡು, ಬಲಗಿವಿಗೆ ರಿಸೀವರ್ ಒತ್ತಿ, ಕಣ್ಣು ಮುಚ್ಚಿ ಕೇಳುತ್ತಿದ್ದರು. ನಾವು ಲೈನ್‌ಮನ್‌ಗಳು ಕಂಬ ಹತ್ತುವ ಮೊದಲು ಅವರಿಗೆ ಫೋನು ಮಾಡಿ ಕರೆಂಟು ತೆಗೆಸಬೇಕು. ಅದಕ್ಕೆ ಲೈನ್ ಕ್ಲಿಯರ್ ಅನ್ನುತ್ತೇವೆ. ಕೆಲಸ ಮುಗಿಸಿ ಇಳಿದ ಮೇಲೆ ಕ್ಲಿಯರ್ ತೊಗೊಂಡವನೇ ಅದನ್ನು ವಾಪಸ್ ಕೊಡಬೇಕು. ಆಮೇಲೆಯೇ ಕರೆಂಟು.

"ತೊಗೊಂಡವನ ಬಾಯಿಂದನ ವಾಪಸ್ ಬರಬೇಕ ನೋಡ ಬಾಳಾ," ಅನ್ನುತ್ತಿದ್ದರು, ಸಣ್ಣ ಮಗನಿಗೆ ಅಂದಂತೆ. "ಮಂತ್ರಿ ಬಂದ ಹೇಳಿದ್ರೂ ನಾ ಸ್ವಿಚ್ ಹಾಕಾಂವ ಅಲ್ಲ."

ಬರೇ ಮಾತಲ್ಲ ಅದು. ಒಮ್ಮೆ ನೆಗಡಿಯಾಗಿ ನನ್ನ ಗಂಟಲು ಪೂರಾ ಕಟ್ಟಿತ್ತು. ಜಾಂಬೋಟಿಯಿಂದ ಫೋನು ಮಾಡಿ "ಮಾಮಾ, ನಾ ದಸ್ತಗೀರ, ಇಳದೀನಿ" ಅಂದರೆ, "ಯಾವ ದಸ್ತಗೀರಲೇ? ಇದು ಅವನ ದನಿ ಅಲ್ಲ" ಅಂದುಬಿಟ್ಟರು. ನೆಗಡಿ ಅಂದೆ. ಒಪ್ಪಲಿಲ್ಲ. "ಖರೇ ದಸ್ತಗೀರ ಆಗಿದ್ರ, ನಿಮ್ಮವ್ವ ಇವತ್ತ ಡಬ್ಬಿಗಿ ಏನ ಕಟ್ಟ್ಯಾಳ ಹೇಳ." ಮುಂಜಾನೆ ನನ್ನ ಡಬ್ಬಿ ಬಿಚ್ಚಿ ಅರ್ಧ ತಿಂದವರೇ ಅವರು. ಬದನಿಕಾಯಿ ಅಂದೆ. "ಉಪ್ಪ?" "ಜಾಸ್ತಿ ಆಗೇತಿ." "ಹಾಂ, ನೀನ ಬಿಡ," ಅಂದು ನಗುತ್ತ ಸ್ವಿಚ್ ಹಾಕಿದರು. ಅಲ್ಲಿತನಕ ಇಡೀ ಜಾಂಬೋಟಿ ಕರೆಂಟಿಲ್ಲದೆ ನಮ್ಮನ್ನು ಬೈಯುತ್ತ ಕೂತಿತ್ತು. ನಾನು ಅಪ್ಪ ಇಲ್ಲದ ಮನೆಯಲ್ಲಿ ಬೆಳೆದವನು. ನನ್ನ ಜೀವಕ್ಕೆ ಇಷ್ಟು ಕಾಳಜಿ ಮಾಡುವವರು ಒಬ್ಬರಿದ್ದಾರಲ್ಲ ಅನ್ನಿಸಿ ಕಣ್ಣು ತುಂಬಿ ಬಂದಿತ್ತು.

ಆಮೇಲೆ ಎಲ್ಲ ಕಂಪ್ಯೂಟರ್ ಆಯಿತು. ನಮ್ಮ ಸ್ವಿಚ್ಚುಗಳು ಬೆಳಗಾವಿಯ ಕಂಟ್ರೋಲ್ ರೂಮಿನ ತೆರೆಯ ಮೇಲೆ ಹೋಗಿ ಕೂತವು. ಮಾಮಾನೂ ಅಲ್ಲಿಗೇ ಹೋದರು, ಮಹಾಂತೇಶ ನಗರದಲ್ಲಿ ಬಾಡಿಗೆ ಮನೆ ಹಿಡಿದರು. ಲೈನ್ ಕ್ಲಿಯರ್ ಈಗ ಮೊಬೈಲಿನ ಆ್ಯಪಿಗೆ ಬಂತು. ನಮ್ಮ ನಮ್ಮ ಗುಪ್ತ ನಂಬರ್ ಹಾಕಿ ತೊಗೋಬೇಕು, ಅದೇ ನಂಬರ್ ಹಾಕಿ ವಾಪಸ್ ಕೊಡಬೇಕು.

ಅದೇ ಹೊತ್ತಿಗೆ ಜಾಂಬೋಟಿ ರಸ್ತೆಯಲ್ಲಿ ಒಂದು ಇಂಟರ್ನೆಟ್ ಕಂಪನಿಯ ದೊಡ್ಡ ಕಟ್ಟಡ ಎದ್ದಿತು. ಮಂದಿಯ ಫೋಟೋ, ವಿಡಿಯೋ ಎಲ್ಲ ಅದರೊಳಗಿನ ಮಷೀನುಗಳಲ್ಲಿ ಇರುತ್ತವಂತೆ, ಆ ಮಷೀನು ತಂಪಿರಬೇಕಂತೆ, ಅದಕ್ಕೇ ನಮ್ಮ ಮಳೆಯ ಊರು ಬೇಕಾಯಿತಂತೆ. ಹತ್ತಾರು ಹಳ್ಳಿಗೆ ಸಾಕಾಗುವಷ್ಟು ಕರೆಂಟನ್ನು ಅದೊಂದೇ ಕುಡಿಯುತ್ತಿತ್ತು. ಮಜಾ ಅಂದರೆ, ಅದರ ಕಂಪೌಂಡಿನ ಹೊರಗೆ ನಮ್ಮ ಮೊಬೈಲಿಗೆ ಇಂಟರ್ನೆಟ್ಟೇ ಹಿಡಿಯುತ್ತಿರಲಿಲ್ಲ. ಮಾತು ಹೇಗೋ ಹೋಗುತ್ತಿತ್ತು, ಆ್ಯಪು ಮಾತ್ರ ಸುಮ್ಮನೆ ತಿರುಗುತ್ತಲೇ ಇರುತ್ತಿತ್ತು.

"ನಿನ್ನ ನಂಬರ್ ನನಗ ಕೊಟ್ಟಿಡ," ಅಂದರು ಮಾಮಾ. "ಇಳದ ಮ್ಯಾಲ ಫೋನ್ ಮಾಡ. ನಿನ್ನ ದನಿ ಕೇಳೇ ನಾ ಇಲ್ಲಿಂದ ಒತ್ತತೀನಿ." ಕೊಟ್ಟೆ. ಬ್ಯಾರೆ ಯಾರು ಕೇಳಿದ್ದರೂ ಕೊಡುತ್ತಿರಲಿಲ್ಲ.

ಮುಂದೆ, ಇಂಥ ಕಟ್ಟಡಗಳು ಡೀಸೆಲ್ ಜನರೇಟರ್ ಹೆಚ್ಚು ಹೊತ್ತು ಓಡಿಸಬಾರದು ಅಂತ ನಿಯಮ ಬಂತು. ನಿಯಮ ಚಲೋದೇ, ಹೊಗೆ ಯಾರಿಗೆ ಬೇಕು? ಆದರೆ ನಾವು ಲೈನು ಬಂದ್ ಮಾಡಿದಾಗಲೆಲ್ಲ ಆ ಕಟ್ಟಡದವರು, ಬೇಗ ಕರೆಂಟು ಬಿಡ್ರಿ ಅಂತ ಕಂಟ್ರೋಲ್ ರೂಮಿನವರ ತಲೆ ಮೇಲೆ ಕೂರತೊಡಗಿದರು.

ಒಂದು ಮಧ್ಯಾಹ್ನ ಅದೇ ಲೈನಿನ ಕಂಬದ ಮೇಲೆ ತಂತಿ ಹಿಡಿದಿಡುವ ಒಡೆದ ಪಿಂಗಾಣಿ ಇನ್ಸುಲೇಟರ್ ಬದಲಿಸುತ್ತಿದ್ದೆ. ಇಂಟರ್ನೆಟ್ ಹಿಡಿಯುವ ಕಡೆಯೇ ಕ್ಲಿಯರ್ ತೊಗೊಂಡು ಬಂದಿದ್ದೆ, ಅಕಸ್ಮಾತ್ ಕರೆಂಟು ಬಂದರೆ ನೆಲಕ್ಕೆ ಇಳಿಸಲಿ ಅಂತ ತಂತಿಗೆ ಅರ್ಥಿಂಗ್ ಸರಪಳಿಯನ್ನೂ ಹಾಕಿದ್ದೆ. ಒಮ್ಮೆಲೇ ಕಣ್ಣೆದುರು ಬೆಂಕಿ ಹೊಡೆಯಿತು. ಎಚ್ಚರಾದಾಗ ಕೆಳಗೆ ಭತ್ತದ ಗದ್ದೆಯ ಕೆಸರಿನಲ್ಲಿ ಬಿದ್ದಿದ್ದೆ. ಸರಪಳಿ ಇತ್ತಂತ ಉಳಿದೆ. ಬಲಭುಜ ಈಗಲೂ ಮೇಲೆ ಏಳುವುದಿಲ್ಲ.

ಬೆಳಗಾವಿಯ ಆಫೀಸಿನಲ್ಲಿ ವಿಚಾರಣೆ ನಡೆಯಿತು. ದಸ್ತಗೀರನೇ ತನ್ನ ನಂಬರ್ ಹಾಕಿ ಕ್ಲಿಯರ್ ವಾಪಸ್ ಕೊಟ್ಟಿದ್ದಾನೆ ಅಂತ ಕಂಪ್ಯೂಟರ್ ತೋರಿಸಿತು.

"ಕಂಬದ ಮ್ಯಾಲ ಕುಂತಾಂವ ನಾ ಯಾಕ್ರೀ ಕರೆಂಟ ಕರೀಲಿ?" ಅಂದೆ. ನಂಬರ್ ಮಾಮಾನ ಹತ್ತಿರ ಇದೆ, ಅವರನ್ನೇ ಕೇಳ್ರಿ ಅಂದೆ. ಹೇಳುವಾಗ ಮನಸ್ಸು ನಿರಾಳವಾಗಿತ್ತು, ಮಾಮಾ ಇದ್ದಾರಲ್ಲ ಅಂತ. ಸಾಹೇಬರು ಅವರ ಕಡೆ ತಿರುಗಿದರು.

"ಇಲ್ರೀ ಸರ್," ಅಂದರು ಮಾಮಾ. "ಇವನ ನಂಬರ್ ನನಗ ಹೆಂಗ ಗೊತ್ತಿರತೈತ್ರಿ?"

ನನ್ನ ಕಡೆ ನೋಡಲಿಲ್ಲ. ಗುತ್ತಿಗೆಯವನು ನಾನು, ನಿಷ್ಕಾಳಜಿ ಅಂತ ಕೆಲಸದಿಂದ ತೆಗೆದರು. ಕಂಬದಿಂದ ಬಿದ್ದಾಗಲೂ ನಾನು ಅತ್ತಿರಲಿಲ್ಲ. ಆವತ್ತು ಆಫೀಸಿನ ಮೆಟ್ಟಿಲ ಮೇಲೆ ಕೂತು ಅತ್ತೆ. ಹಿಂಗ ಮಾಡಬಾರದಿತ್ತು ಮಾಮಾ.

ಈಗ ಬೆಳಗಾವಿಯ ರವಿವಾರ ಪೇಟೆಯಲ್ಲಿ ಒಂದು ಕಾಳಿನ ಅಂಗಡಿಯಲ್ಲಿ ಕೂರುತ್ತೇನೆ. ಮಾಮಾ ರಿಟೈರ್ ಆದರು ಅಂತ ಗೊತ್ತಾದಾಗ, ಇನ್ನಾದರೂ ಖರೇ ಹೇಳಿಯಾರು ಅಂತ ಅವರ ಮನೆಗೆ ಹೋದೆ.

"ಬಾ ಬಾಳಾ, ಕುಂದರ," ಅಂದು ತಾವೇ ಚಾ ಮಾಡಿ ತಂದಿಟ್ಟರು. ಭುಜ ಹೆಂಗೈತಿ ಅಂದರು. ನಾನು, ಯಾಕ ಒತ್ತಿದ್ರಿ ಅಂತ ನೇರವಾಗಿ ಕೇಳಿದೆ. ಎದುರಿನ ಕುರ್ಚಿ ಎಳೆದು ಕೂತರು.

"ಆ ಕಟ್ಟಡದವ್ರದು ಫೋನ್ ಮ್ಯಾಲ ಫೋನ್. ಮ್ಯಾಲಿನವ್ರದು ಒಂದ ಕಾಟ. ತೆರಿ ಮ್ಯಾಲ ಒಂದ ಹೆಸರಿತ್ತು, ನಂಬರ್ ಹಾಕಿ ಒತ್ತಿದೆ. ಆವಾಗ ನೀ ನೆನಪ ಆಗಲಿಲ್ಲೋ."

ಹೆದರಿ ಒತ್ತಿದೆ ಅಂದಿದ್ದರೆ ಒಂದು ನಮೂನೆ ಸಮಾಧಾನ ಆಗುತ್ತಿತ್ತು.

"ಇಷ್ಟ ಮಾತು ಸಾಹೇಬ್ರ ಮುಂದ ಬಂದ ಹೇಳ್ರಿ ಮಾಮಾ," ಅಂದೆ. "ಕೆಲಸ ಸಿಗಲಿ ಬಿಡಲಿ, ನನ್ನ ತಪ್ಪಲ್ಲ ಅಂತ ಆದ್ರ ಸಾಕ."

ಅವರು ನನ್ನ ಮುಂದಿನ ಕಪ್ಪನ್ನು ಇನ್ನಷ್ಟು ಹತ್ತಿರ ಸರಿಸಿದರು.

"ಚಾ ಆರಾಕತ್ತೈತಿ," ಅಂದರು. "ಕುಡಿ."

ಕುಡಿಯದೆ ಎದ್ದೆ. ಮಾಮಾ ತಡೆಯಲಿಲ್ಲ.