ನಗು ಬಂದ ಮೇಲೆ ಮುಂದಿನ ಸಾಲು

ಅವಳನ್ನು ಊರಿಗೆ ಊರೇ ಅತ್ತೆ ಎಂದು ಕರೆಯುತ್ತಿತ್ತು. ಮನೆಯಲ್ಲಿ ಸೊಸೆ ಕರೆಯುವುದು ಸರಿ, ಅದು ಅವಳ ಹಕ್ಕು. ಆದರೆ ಅವಳ ಇಸ್ತ್ರಿ ಅಂಗಡಿಗೆ ಬಟ್ಟೆ ತರುವ, ವಯಸ್ಸಿನಲ್ಲಿ ಇವಳಿಗಿಂತ ಎಷ್ಟೋ ದೊಡ್ಡವರಾದ ನಿವೃತ್ತ ಪೊಲೀಸರೂ ಬಾಗಿಲಲ್ಲೇ ನಿಂತು, "ಅತ್ತೇ, ನಾಳೆಗೆ ಪ್ಯಾಂಟ್ ಸಿಗುತ್ತಾ?" ಎಂದು ಕೂಗಿದರೆ ಏನೆನ್ನುವುದು! ಎಲ್ಲ ಆ ನಾಟಕದ ಪ್ರಭಾವ. ಹಾಡುಗಳೇ ತುಂಬಿದ ಆ ನಾಟಕದಲ್ಲಿ ಅವಳು ಅಳಿಯನನ್ನು ಹುರಿದು ಮುಕ್ಕುವ ಅತ್ತೆ. ಅವಳಿಗಿದ್ದದ್ದು ಒಂದೇ ಹಾಡು, ಆದರೆ ಜನ ಮನೆಗೆ ಹೋಗುವಾಗ ಗುನುಗುತ್ತಿದ್ದದ್ದು ಅದನ್ನೇ.

ನಾಟಕಕ್ಕೆ ಅವಳು ಬಂದದ್ದು ಹಾಡಲಿಕ್ಕಲ್ಲ, ಇಸ್ತ್ರಿ ಮಾಡಲಿಕ್ಕೆ. ಪಾತ್ರಧಾರಿಗಳ ಉಡುಪಿನ ಸುಕ್ಕು ತೆಗೆಯಲು ಪರದೆಯ ಪಕ್ಕದಲ್ಲೇ ಒಂದು ಮೇಜು ಹಾಕಿ ಕೊಟ್ಟಿದ್ದರು. ಕೇಳಿ ಕೇಳಿ ಎಲ್ಲರ ಹಾಡೂ ಬಾಯಿಪಾಠವಾಗಿತ್ತು. ಒಂದು ಸಂಜೆ ಅತ್ತೆಯ ಪಾತ್ರ ಮಾಡುವಾಕೆಯ ಗಂಟಲು ಕಟ್ಟಿಕೊಂಡಿತು. ಸಂಗೀತದ ಮೇಷ್ಟ್ರು ಹಾರ್ಮೋನಿಯಂ ಬಿಟ್ಟು ಎದ್ದು ಬಂದವರೇ ಇವಳ ಕೈಯಿಂದ ಇಸ್ತ್ರಿ ಪೆಟ್ಟಿಗೆ ಕಿತ್ತಿಟ್ಟು, "ಹಾಡು ಗೊತ್ತಲ್ಲಾ? ನಡಿ ಮತ್ತೆ" ಎಂದು ಬೆಳಕಿಗೆ ನೂಕಿಬಿಟ್ಟರು.

"ನಮ್ಮ ಅಳಿಯ ಭಾಳ ಸಾಧು, ಬಾಯಿ ಬಿಡೋದೇ ಇಲ್ಲ,
ಊಟಕ್ಕಂತ ಬಿಟ್ಟ ಮೇಲೆ ಮತ್ತೆ ಮುಚ್ಚೋದೇ ಇಲ್ಲ!"

ಇಷ್ಟು ಹಾಡಿದಳು. ಮುಂದಿನ ಸಾಲು ಮಂಗಮಾಯ. ಬಾಯಿ ತೆರೆದದ್ದು ತೆರೆದ ಹಾಗೇ ಉಳಿಯಿತು, ಕಣ್ಣು ಎರಡರಷ್ಟಾಯಿತು. ಜನ ಅದನ್ನು ಅಭಿನಯವೆಂದುಕೊಂಡು ಬಿದ್ದು ಬಿದ್ದು ನಕ್ಕರು. ಮೇಷ್ಟ್ರು ವಾದ್ಯದವರಿಗೆ ಕಣ್ಸನ್ನೆ ಮಾಡಿ, ಅದೇ ತುಣುಕನ್ನು ಗಾಣದೆತ್ತಿನ ಹಾಗೆ ಸುತ್ತಿಸುತ್ತಾ ಕುಳಿತರು. ಆ ನಗುವಿನ ಮೇಲೆಯೇ ತೇಲಿಬಂದಂತೆ ಸಾಲು ನಾಲಿಗೆಗೆ ಬಂತು. "ಅಯ್ಯಯ್ಯೋ ನನ್ನ ಮಗಳೇ, ಏನ್ ಕಂಡು ಒಪ್ಪಿದೆಯೇ!" ಎಂದು ಅವಳು ಏರಿದ ಎತ್ತರಕ್ಕೆ ಮೇಷ್ಟ್ರೇ ದಂಗಾದರು. ಗಂಟಲು ಸರಿಹೋದ ಮೇಲೆ ಹಳೆಯ ಪಾತ್ರಧಾರಿ ತಾನಾಗಿ ನೆರೆಮನೆಯಾಕೆಯ ಪಾತ್ರಕ್ಕೆ ಸರಿದುಕೊಂಡಳು.

ಅಂದಿನಿಂದ ಪ್ರತಿ ಪ್ರದರ್ಶನದಲ್ಲೂ ಅಲ್ಲಿ ಬಿಡುವು, ಅಲ್ಲಿ ನಗು. ನೋಡಿದವರೆಲ್ಲ ಎಂಥ ಹಿಡಿತ, ಎಂಥ ಲೆಕ್ಕಾಚಾರ ಎಂದು ಹೊಗಳಿದರು. ಲೆಕ್ಕವೂ ಇಲ್ಲ, ಆಚಾರವೂ ಇಲ್ಲ. ನಿಜ ಸಂಗತಿ ಏನೆಂದರೆ ನಗು ಬರದೆ ಆ ಸಾಲು ಅವಳಿಗೆ ನೆನಪಾಗುತ್ತಲೇ ಇರಲಿಲ್ಲ. ಜನ ಮಂಕಾಗಿದ್ದ ದಿನ ಯಾರಾದರೂ ನಗುವವರೆಗೂ ಬಾಯಿ ತೆರೆದುಕೊಂಡು ನಿಂತಿರುತ್ತಿದ್ದಳು. ಯಾರಾದರೂ ನಕ್ಕೇ ನಗುತ್ತಿದ್ದರು.

ಹೀಗಿರುವಾಗ ನಾಟಕದ ಹಾಡುಗಳನ್ನೆಲ್ಲ ರೆಕಾರ್ಡ್ ಮಾಡಿ ಆಲ್ಬಂ ತರಬೇಕೆಂದು ತೀರ್ಮಾನವಾಯಿತು. ಅದರ ಬೆನ್ನಿಗೇ ಇನ್ನೊಂದು ಸುದ್ದಿ. ರೆಕಾರ್ಡಿಂಗ್ ಹೇಗೆ ನಡೆಯುತ್ತದೆಂದು ಒಬ್ಬಾತ ಸಾಕ್ಷ್ಯಚಿತ್ರ ತೆಗೆಯುತ್ತಾನಂತೆ! ಆತ ಕ್ಯಾಮೆರಾ ಹೆಗಲಿಗೇರಿಸಿಕೊಂಡು ಬಂದ. ಬಂದವನೇ ಕುರ್ಚಿ ಕಿರ್ ಎಂದರೆ "ಉಶ್", ಯಾರಾದರೂ ಸೀನಿದರೆ "ಉಶ್". ಮಧ್ಯಾಹ್ನದೊಳಗೆ ಅವನಿಗೆ ಉಶ್ಶಪ್ಪ ಎಂದು ನಾಮಕರಣವಾಗಿತ್ತು. ತಮಾಷೆಯೆಂದರೆ ಎಲ್ಲರ ಬಾಯಿ ಮುಚ್ಚಿಸುವ ಈ ಮಹಾಶಯ ಕ್ಯಾಮೆರಾದ ಹಿಂದೆ ನಿಂತು ತಾನು ಮಾತ್ರ ಬಿಸ್ಕತ್ತು ಮೆಲ್ಲುತ್ತಿದ್ದ. ಎಲ್ಲರಿಗೂ ಕೇಳಿಸುತ್ತಿತ್ತು, ಹೇಳುವ ಧೈರ್ಯ ಯಾರಿಗೂ ಇರಲಿಲ್ಲ.

ಅತ್ತೆಯ ಸರದಿ ಬಂತು. ಗೋಡೆಗೆಲ್ಲ ದಪ್ಪ ಬಟ್ಟೆ ಹೊದಿಸಿದ ಪುಟ್ಟ ಕೋಣೆ, ಎದುರಿಗೆ ಗಾಜು, ಗಾಜಿನಾಚೆ ಮೇಷ್ಟ್ರು ಮತ್ತು ಸ್ಟುಡಿಯೋದ ರೆಕಾರ್ಡಿಸ್ಟ್. ಕಿವಿಗೆ ಹೆಡ್‌ಫೋನ್. ವಾದ್ಯಗಳನ್ನೆಲ್ಲ ಮೊದಲೇ ರೆಕಾರ್ಡ್ ಮಾಡಿ ಮುಗಿಸಿದ್ದರು, ಅದರ ಜೊತೆಗೆ ಹಾಡಿದರಾಯಿತು. ಹಾಡಿದಳು. "ಮುಚ್ಚೋದೇ ಇಲ್ಲ" ಎಂದಳು. ಬಾಯಿ ತೆರೆದು ನಿಂತಳು. ಮೇಷ್ಟ್ರು ಬಿಡುವೇನೋ ಇಟ್ಟಿದ್ದರು, ಆದರೆ ಇಷ್ಟೇ ಇಷ್ಟು. ಹೆಡ್‌ಫೋನಿನೊಳಗಿನ ಹಾರ್ಮೋನಿಯಂಗೆ ಕಣ್ಸನ್ನೆ ತಿಳಿಯುತ್ತದೆಯೇ? ಅದು ತನ್ನ ಪಾಡಿಗೆ ಮುಂದೆ ಹೊರಟುಹೋಯಿತು. ಅತ್ತೆ ಅಲ್ಲೇ ನಿಂತಿದ್ದಳು.

ಮತ್ತೆ ಮಾಡಿದರು. ಮತ್ತೆ ಅದೇ. ಮೇಷ್ಟ್ರು ಗಾಜಿನಾಚೆಯಿಂದ ಎರಡೂ ಕೈ ಬೀಸಿದರು, ಅವಳೂ ಪ್ರೀತಿಯಿಂದ ಕೈ ಬೀಸಿದಳು. ನಾಟಕದಲ್ಲಿ ಮಗಳಾಗುವ ನಾಯಕಿ ಪಕ್ಕದಲ್ಲಿ ನಿಂತು ಸಮಯಕ್ಕೆ ಸರಿಯಾಗಿ ಚಿವುಟಿದಳು. "ಅಯ್ಯಯ್ಯೋ" ಎನ್ನುವುದು ಬಂತು, ಆದರೆ ಅದು ಹಾಡಿನದಾಗಿರಲಿಲ್ಲ. ನಾಟಕದ ಅಳಿಯ ಗಾಜಿನಾಚೆಯ ಮೈಕಿನಿಂದ ಅವಳ ಹೆಡ್‌ಫೋನಿನೊಳಗೆ ಹಹ್ಹಹ್ಹಾ ಎಂದು ನಕ್ಕು ನೋಡಿದ. ಅತ್ತೆಗೆ ಪಿತ್ತ ನೆತ್ತಿಗೇರಿತು.

"ಇದನ್ನ ನಗು ಅಂತಾರೇನೋ? ಕೆಮ್ಮು ಕಣೋ ಇದು! ಹೋಗಿ ಔಷಧಿ ಕುಡಿ!"

ಸಂಜೆಯಾಗುತ್ತಾ ಬಂತು. ಮೇಷ್ಟ್ರು ಒಳಗೆ ಬಂದು ಅವಳ ಪಕ್ಕದ ಸ್ಟೂಲಿನ ಮೇಲೆ ಕುಳಿತರು.

"ನೋಡಮ್ಮಾ, ಆರು ಗಂಟೆಗೆ ಸ್ಟುಡಿಯೋ ಬಿಟ್ಟುಕೊಡ್ಬೇಕು. ಆಗ್ಲಿಲ್ಲ ಅಂದ್ರೆ ನಿನ್ ಹಾಡನ್ನ ಮಗಳ ಹತ್ರ ಹಾಡಿಸ್ತೀನಿ. ನಂಗೂ ಬೇರೆ ದಾರಿ ಇಲ್ಲ."

ಮಗಳ ಪಾತ್ರದವಳ ಮೇಲೆ ಅತ್ತೆಗೆ ಹೊಟ್ಟೆಕಿಚ್ಚೇನೂ ಇರಲಿಲ್ಲ, ಚಿನ್ನದಂಥ ಹುಡುಗಿ. ಆದರೆ ಆ ಒಂದು ಹಾಡು ಬಿಟ್ಟರೆ ಅತ್ತೆಯ ಬದುಕಿನಲ್ಲಿ ಉಳಿದದ್ದೆಲ್ಲ ಬೇರೆಯವರ ಬಟ್ಟೆಯೇ. ಅದನ್ನೂ ಇನ್ನೊಬ್ಬರ ಮೈಗೆ ತೊಡಿಸಿ ಕಳಿಸಬೇಕೆಂದರೆ ತಡೆಯಲಾಗಲಿಲ್ಲ. ಮೂಗು ಒರೆಸಿಕೊಂಡು ಹೇಳಿದಳು:

"ಮೇಷ್ಟ್ರೇ, ಈ ಕಿವಿ ಮುಚ್ಚೋ ಸಾಮಾನು ಬೇಡ. ನೀವೇ ಬಂದು ನುಡಿಸಿ. ಎಲ್ರನ್ನೂ ಒಳಗೆ ಕೂರಿಸಿ. ಒಂದೇ ಒಂದ್ಸಲ."

ರೆಕಾರ್ಡಿಸ್ಟ್ ತಲೆ ಚಚ್ಚಿಕೊಂಡ. ಆದರೂ ಹಾರ್ಮೋನಿಯಂ ಬಂತು, ತಬಲಾ ಬಂತು, ಇದ್ದಬದ್ದವರೆಲ್ಲ ನೆಲದ ಮೇಲೆ ಮಂಡಿಗೆ ಮಂಡಿ ತಾಗಿಸಿ ಕುಳಿತರು. ಮೂಲೆಯಲ್ಲಿ ಉಶ್ಶಪ್ಪ ಕ್ಯಾಮೆರಾ ಹೂಡಿ "ಉಶ್" ಎಂದ.

ಅತ್ತೆ ಎದುರಿಗಿದ್ದ ಮುಖಗಳನ್ನು ನೋಡಿದಳು. ನೋಡಿದೊಡನೆ ಕೆಲಸ ಕೆಟ್ಟಿತೆಂದು ತಿಳಿಯಿತು. ಎಲ್ಲರೂ ಪಾಪ, ನಗಬೇಕೆಂದು ಪಣತೊಟ್ಟು ಕುಳಿತಿದ್ದರು. ಈ ಹಾಡನ್ನು ಕೇಳಿ ಕೇಳಿ ಅವರ ಕಿವಿ ತೂತಾಗಿತ್ತು, ಅವರಿಂದ ಬರುವುದು ಬರಿಯ ದಾಕ್ಷಿಣ್ಯದ ನಗು. ಅದಕ್ಕೆಲ್ಲ ಸೊಪ್ಪು ಹಾಕುವ ಸಾಲಲ್ಲ ಅದು. ಹಾರ್ಮೋನಿಯಂ ಶುರುವಾಗಿಯೇಬಿಟ್ಟಿತು. ಅವಳು ಬಾಯಿ ತೆರೆಯುವುದಕ್ಕೂ ಮೂಲೆಯಿಂದ ಸಣ್ಣಗೆ ಒಂದು ಸದ್ದು ಬರುವುದಕ್ಕೂ ಸರಿಹೋಯಿತು. ಕರಕರ.

ಅತ್ತೆ ನಿಧಾನವಾಗಿ ಆ ಕಡೆ ತಿರುಗಿದಳು.

"ನಮ್ಮ ಅಳಿಯ ಭಾಳ ಸಾಧು, ಉಶ್ ಅನ್ನೋದೇ ಮಾತು,
ಬಿಸ್ಕತ್ ಪೊಟ್ಟಣ ಕಂಡ್ರೆ ಸಾಕು, ಕರಕರ ಅಲ್ಲೇ ಕೂತು!"

ನಗುವಿನ ಕಟ್ಟೆ ಒಡೆಯಿತು. ನಾಯಕಿ ತಬಲಾದವನ ಹೆಗಲ ಮೇಲೆ ಬಿದ್ದಳು, ಗಾಜಿನಾಚೆ ರೆಕಾರ್ಡಿಸ್ಟ್ ಮೇಜಿನ ಕೆಳಗೆ ಮಾಯವಾದ. ಎಲ್ಲಕ್ಕಿಂತ ಜೋರಾಗಿ ನಕ್ಕವನು ಉಶ್ಶಪ್ಪ. ಬಾಯಿತುಂಬ ಬಿಸ್ಕತ್ತು, ಕಣ್ಣುತುಂಬ ನೀರು, ಕ್ಯಾಮೆರಾ ಗಡಗಡ ಅಲುಗುತ್ತಿತ್ತು. ಮೇಷ್ಟ್ರು ಹೊಟ್ಟೆ ಹಿಡಿದುಕೊಂಡೇ ಒಂದು ಕೈಯಲ್ಲಿ ಆ ತುಣುಕನ್ನು ಸುತ್ತಿಸಿದರು. ಅತ್ತೆ ಕಾದಳು. ಬಂತು. "ಅಯ್ಯಯ್ಯೋ ನನ್ನ ಮಗಳೇ" ಎಂದು ಅವಳು ಎತ್ತಿದ ದನಿಗೆ ಗೋಡೆಯ ದಪ್ಪ ಬಟ್ಟೆಯೂ ಸಾಲದಾಯಿತು.

ಹಾಡು ಮುಗಿದ ಮೇಲೆ ರೆಕಾರ್ಡಿಸ್ಟ್ ಮೇಜಿನ ಕೆಳಗಿನಿಂದ ಎದ್ದು, "ನಗುವೆಲ್ಲ ರೆಕಾರ್ಡ್ ಆಗಿದೆ ಮೇಷ್ಟ್ರೇ, ಮೇಲಾಗಿ ಹಾಡಿನ ಮಾತೂ ನಾಟಕದ್ದಲ್ಲ. ಏನ್ ಮಾಡ್ಲಿ?" ಎಂದು ಕೇಳಿದ.

"ಒಂದಕ್ಷರ ಮುಟ್ಟಿದ್ರೆ ನಿನ್ ಕೈ ಮುರೀತೀನಿ" ಎಂದರು ಮೇಷ್ಟ್ರು, ಕಣ್ಣೊರೆಸಿಕೊಳ್ಳುತ್ತಾ. ಅತ್ತೆ ಅಲ್ಲೇ ನೆಲದ ಮೇಲೆ ಕುಸಿದು ಕುಳಿತು ಉಶ್ಶಪ್ಪನಿಂದ ಒಂದು ಬಿಸ್ಕತ್ತು ಇಸಿದುಕೊಂಡಳು.

ಕೆಲವು ತಿಂಗಳ ಮೇಲೆ ಸಾಕ್ಷ್ಯಚಿತ್ರದ ಪ್ರದರ್ಶನವಿತ್ತು. ಅತ್ತೆ ಸೊಸೆಯನ್ನು ಕರೆದುಕೊಂಡು ಹೋಗಿ, ಯಾರಿಗೂ ಕಾಣದಂತೆ ನಡುವಿನ ಕುರ್ಚಿಯಲ್ಲಿ ಮುದುರಿಕೊಂಡಳು. ಸುತ್ತ ಗುರುತು ಪರಿಚಯವಿಲ್ಲದ ಜನ. ಪರದೆಯ ಮೇಲೆ ಗೋಡೆಯಷ್ಟು ದೊಡ್ಡದಾಗಿ ತನ್ನದೇ ಮುಖ ಕಂಡಾಗ ನಾಚಿಕೆಯಿಂದ ಕಣ್ಣು ಮುಚ್ಚಿಕೊಂಡಳು. ತಪ್ಪಿದ ಟೇಕುಗಳು ಒಂದೊಂದಾಗಿ ಬಂದವು. ಕೊನೆಗೆ ಬಿಸ್ಕತ್ತಿನ ಸಾಲು ಬಂತು. ಇಡೀ ಸಭಾಂಗಣ ಹೋ ಎಂದು ನಕ್ಕಿತು. ದಾಕ್ಷಿಣ್ಯದ ಸುಳಿವೂ ಇಲ್ಲದ ಅಸಲಿ ನಗು.

ನಗು ಬಂದ ಮೇಲೆ ಸಾಲು ಬಾರದೆ ಇರುತ್ತದೆಯೇ? ಅತ್ತೆ ದಿಗ್ಗನೆ ಎದ್ದು ನಿಂತಳು.

"ಅತ್ತೇ, ಸಿನಿಮಾ ಅದು! ಕೂತ್ಕೊಳ್ಳಿ!" ಎಂದು ಸೊಸೆ ತೋಳು ಹಿಡಿದು ಎಳೆದಳು. ಎಲ್ಲಿ ಕೂರುತ್ತಾಳೆ! "ಅಯ್ಯಯ್ಯೋ ನನ್ನ ಮಗಳೇ" ಎಂದು ಪರದೆಯ ಮೇಲಿನವಳು ಎತ್ತಿದಳು, ಕುರ್ಚಿಯ ಮುಂದಿನವಳೂ ಎತ್ತಿದಳು. ಜನ ಮೊದಲು ಬೆಚ್ಚಿದರು, ಆಮೇಲೆ ತಿರುಗಿ ನೋಡಿದರು, ಆಮೇಲೆ ಚಪ್ಪಾಳೆ ತಟ್ಟಲು ಶುರುಮಾಡಿದರು. ಕತ್ತಲಲ್ಲಿ ಎಲ್ಲಿಂದಲೂ ಉಶ್ ಎಂಬ ಸದ್ದು ಬರಲಿಲ್ಲ. ಪರದೆಯ ಮೇಲಿನವಳಿಗೆ ಉಸಿರು ತೀರಿತು. ಇವಳು ಇನ್ನೂ ಹಾಡುತ್ತಲೇ ಇದ್ದಳು.