ಉಡುಪಿಯ ಸಂಜೆ ಕಾಲೇಜಿನಲ್ಲಿ ಕನ್ನಡ ಕೇಳಿದ್ದು

೧೯೬೬ರಲ್ಲಿ ನಾನು ಶಾಲೆ ಬಿಟ್ಟೆ. ಗದಗಿನ ಹತ್ತಿರದ ನಮ್ಮೂರು, ಒಂಬತ್ತನೇ ತರಗತಿ. ಕಾರಣ ಎಲ್ಲರ ಮನೆಯದ್ದೇ, ಅದನ್ನು ಇಲ್ಲಿ ಬರೆಯುವುದಿಲ್ಲ. ಹನ್ನೆರಡು ವರ್ಷಗಳ ನಂತರ ಉಡುಪಿಯ ಒಂದು ಸಂಜೆ ಕಾಲೇಜಿನ ಬೆಂಚಿನ ಮೇಲೆ ಮತ್ತೆ ಕೂತೆ. ಅರ್ಥಶಾಸ್ತ್ರದ ಮೇಷ್ಟ್ರು ಇಂಗ್ಲಿಷಿನಲ್ಲಿ ಪಾಠ ಮಾಡಿದರು. ನಡುವೆ ತುಳುವಿನಲ್ಲಿ ಏನೋ ತಮಾಷೆ ಹೇಳಿದರು, ಇಡೀ ಕ್ಲಾಸು ನಕ್ಕಿತು. ಆಮೇಲೆ ನನ್ನ ಕಡೆ ತಿರುಗಿ, ನನಗೊಬ್ಬನಿಗೆ ಮಾತ್ರ, ಅಚ್ಚುಕಟ್ಟಾದ ಕನ್ನಡದಲ್ಲಿ ಕೇಳಿದರು: “ನಿಮಗೆ ಕುಳಿತುಕೊಳ್ಳಲು ಸ್ಥಳ ಸಾಕಾಗುತ್ತದೆಯೇ?” ಕನ್ನಡನಾಡಿನೊಳಗೇ ಇದ್ದು ಪರದೇಶಿಯಾಗುವುದು ಹೇಗೆಂದು ಅವತ್ತು ತಿಳಿಯಿತು.

ನಾನು ಮಣಿಪಾಲಕ್ಕೆ ಬಂದದ್ದು ಗಾರೆ ಕೆಲಸಕ್ಕೆ. ಗುಡ್ಡದ ಮೇಲೆ ಒಂದರ ಹಿಂದೊಂದು ಹಾಸ್ಟೆಲ್ ಏಳುತ್ತಿದ್ದ ಕಾಲ. ನಮ್ಮ ಕಡೆ ಮನೆಗೆ ಮನೆ ಅಂಟಿಕೊಂಡಿರುತ್ತದೆ, ಮಾಳಿಗೆಯಿಂದ ಮಾಳಿಗೆಗೆ ದಾಟಿ ಊರೆಲ್ಲ ತಿರುಗಬಹುದು. ಇಲ್ಲಿ ಒಂದು ಮನೆಯಿಂದ ಕೂಗಿದರೆ ಇನ್ನೊಂದಕ್ಕೆ ಕೇಳಿಸದು. ರೊಟ್ಟಿ ತಿಂದು ಬೆಳೆದ ಹೊಟ್ಟೆಗೆ ಕುಚ್ಚಲಕ್ಕಿ ಗಂಜಿ, ಅಂದರೆ ಬೇಯಿಸಿ ಒಣಗಿಸಿದ ಭತ್ತದ ದಪ್ಪ ಅಕ್ಕಿಯ ನೀರನ್ನ, ಇಳಿದದ್ದೇ ಗೊತ್ತಾಗುತ್ತಿರಲಿಲ್ಲ. ಬಾಡಿಗೆ ಮನೆಗೆ ಇಲ್ಲಿ ಬಿಡಾರ ಎನ್ನುತ್ತಾರೆ. ನನ್ನದು ಕಲ್ಯಾಣಪುರದಲ್ಲಿ, ಒಂದೇ ಕೋಣೆ. ಹೆಂಡತಿಯನ್ನು ಊರಲ್ಲೇ ಬಿಟ್ಟು ಬಂದಿದ್ದೆ.

ಕೂಲಿ ಹೆಚ್ಚು ಮಾಡಿ ಎಂದು ಕಂಟ್ರಾಕ್ಟರರನ್ನು ಕೇಳಿದರೆ ಅವರದು ಒಂದೇ ಉತ್ತರ: “ಕೂಲಿ ನಾನು ಹೇಳುವುದಲ್ಲ ಮಾರಾಯ, ಮಾರ್ಕೆಟ್ ಹೇಳುವುದು.” ಹಾಗಾದರೆ ಈ ಮಾರ್ಕೆಟ್ಟು ಮಾತಾಡುವ ಭಾಷೆಯನ್ನೇ ಕಲಿಯುತ್ತೇನೆ ಎಂದು ನನಗೆ ಹಟ ಬಂತು. ಎಸ್ಸೆಸ್ಸೆಲ್ಸಿ, ಪಿಯುಸಿ ಎರಡನ್ನೂ ಖಾಸಗಿಯಾಗಿ ಕಟ್ಟಿ ಪಾಸು ಮಾಡಿಕೊಂಡು ಬಿ.ಎ.ಗೆ ಸೇರಿದೆ. ಇತಿಹಾಸ, ರಾಜ್ಯಶಾಸ್ತ್ರ ಜೊತೆಗೆ ಬಂದವು. ನನಗೆ ಬೇಕಾಗಿದ್ದದ್ದು ಅರ್ಥಶಾಸ್ತ್ರ.

ಕ್ಲಾಸಿನಲ್ಲಿ ಮುಕ್ಕಾಲು ಪಾಲು ಬ್ಯಾಂಕಿನ ಗುಮಾಸ್ತರು. ಇಸ್ತ್ರಿ ಅಂಗಿ, ಜೇಬಿನಲ್ಲಿ ಎರಡು ಪೆನ್ನು. ನಾನು ಸಿಮೆಂಟು ತೊಳೆದೂ ಹೋಗದ ಉಗುರುಗಳನ್ನು ಮಡಚಿಕೊಂಡು ಕೂರುತ್ತಿದ್ದೆ. ಪಕ್ಕದಲ್ಲಿ ಕಾಪುವಿನ ಸದಾನಂದ, ಅವನೂ ಬ್ಯಾಂಕಿನವನೇ.

“ಡಿಗ್ರಿ ಆದರೆ ನಮಗೆ ಇನ್ಕ್ರಿಮೆಂಟ್ ಉಂಟು. ನಿಮಗೆ ಎಂತ ಉಂಟು?” ಎಂದು ಕೇಳಿದ.

“ನನಗೇನೂ ಇಲ್ರಿ. ಕಲೀಬೇಕು ಅನಿಸೇತಿ, ಅಷ್ಟ.”

“ಹಾಗಾದರೆ ಈ ಕ್ಲಾಸಿನಲ್ಲಿ ವಿದ್ಯಾರ್ಥಿ ಅಂತ ಇರುವುದು ನೀವೊಬ್ಬರೇ ಮಾರಾಯ್ರೆ.”

ಹೊಗಳಿದನೋ ಅಣಕಿಸಿದನೋ ಇವತ್ತಿಗೂ ಗೊತ್ತಿಲ್ಲ.

ಎರಡು ವರ್ಷ ಹೇಗೋ ಹೋಯಿತು. ಅರ್ಥಶಾಸ್ತ್ರದಲ್ಲಿ ಅಂಚಿನ ಮೇಲೆ ನಿಂತು ದಾಟಿದೆ. ಅದಕ್ಕೆ ಕನ್ನಡದಲ್ಲಿ ಪಠ್ಯಪುಸ್ತಕ ಇತ್ತು. ಮಾರ್ಜಿನಲ್ ಯುಟಿಲಿಟಿಗೆ ‘ಸೀಮಾಂತ ತುಷ್ಟಿಗುಣ’ ಎಂದು ಅದರಲ್ಲಿ ಬರೆದಿತ್ತು. ನಮ್ಮೂರಲ್ಲಿ ಯಾರ ಬಾಯಿಂದಲೂ ಬಾರದ ಮಾತು. ಆದರೂ ಒಬ್ಬರು ಎದುರು ನಿಂತು ಅದನ್ನು ಕನ್ನಡದಲ್ಲಿ ಬಿಡಿಸಿ ಹೇಳಿದ್ದರೆ ನಾನು ಹಿಡಿದುಕೊಳ್ಳುತ್ತಿದ್ದೆ. ಕೊನೆಯ ವರ್ಷ ಹೀಗೆ ದಾಟುವಂಥದ್ದಲ್ಲ ಎಂದು ಗೊತ್ತಿತ್ತು. ಪ್ರಿನ್ಸಿಪಾಲರ ಹತ್ತಿರ ಹೋಗಿ ಅರ್ಥಶಾಸ್ತ್ರವನ್ನು ಕನ್ನಡದಲ್ಲಿ ಹೇಳಿಸಿ ಎಂದು ಕೇಳಿದೆ.

“ಒಬ್ಬರಿಗಾಗಿ ಹೇಗೆ ಮಾಡುವುದು? ಹತ್ತು ಮಂದಿ ಬಂದು ಬಾಯಲ್ಲಿ ಹೇಳಲಿ, ಸಾಕು. ವ್ಯವಸ್ಥೆ ಮಾಡುವ,” ಎಂದರು.

ಮರುದಿನ ಕ್ಲಾಸಿಗೆ ಮೊದಲು ಹೋಟೆಲಿನಲ್ಲಿ ಎಲ್ಲರನ್ನೂ ಸೇರಿಸಿದೆ.

“ಬರುವ, ಬರುವ. ಕನ್ನಡ ಅಂದರೆ ಯಾರು ಬೇಡ ಅಂತಾರೆ?” ಎಂದ ಸದಾನಂದ. ಉಳಿದವರೂ ತಲೆಯಾಡಿಸಿದರು. ಆಮೇಲೆ ನನ್ನೆದುರಿಗೇ ತುಳುವಿಗೆ ತಿರುಗಿದರು.

ಕಾರ್ಕಳ, ಅಜೆಕಾರಿನ ಆಳುಗಳ ಜೊತೆ ಇಷ್ಟು ವರ್ಷ ಕಲ್ಲು ಹೊತ್ತವನಿಗೆ ತುಳು ತಿಳಿಯದೆ ಇರುತ್ತದೆಯೇ. ಬಾಯಿ ತೆರೆದು ಆಡಿರಲಿಲ್ಲ. ತಪ್ಪು ಮಾತಾಡಿ ನಗಿಸಿಕೊಳ್ಳುವ ಮನುಷ್ಯ ನಾನಲ್ಲ.

“ಆಯಗ್ ದಾಯೆಗ್ ಬಿ.ಎ.?” ಎಂದ ಒಬ್ಬ. ಅವನಿಗೆ ಯಾಕೆ ಬಿ.ಎ. ಎಂದು. ಸದಾನಂದನೂ ತುಳುವಿನಲ್ಲೇ ಹೇಳಿದ: ಕಟ್ಟಡ ಮುಗಿದರೆ ಇವರು ಘಟ್ಟ ಹತ್ತಿ ಹೋಗುವವರು, ನಾವು ಕನ್ನಡದಲ್ಲಿ ಓದಿ ನಾಳೆ ಆಫೀಸರ್ ಇಂಟರ್‌ವ್ಯೂನಲ್ಲಿ ಏನು ಮಾಡುವುದು, ಹೂಂ ಎಂದು ಹೇಳಿ ಸುಮ್ಮನಿದ್ದರಾಯಿತು.

ನಾನು ಚಹಾದ ಗ್ಲಾಸು ಕೆಳಗಿಟ್ಟೆ. “ಎಂಕ್ ಬೋಡು,” ಎಂದೆ. ನನಗೆ ಬೇಕು.

ಸದಾನಂದ ಎದ್ದು ನಿಂತು ನನ್ನ ಬೆನ್ನಿಗೆ ಹೊಡೆದ.

“ಇವರಿಗೆ ತುಳು ಬರ್ತದೆ ಮಾರಾಯ!”

“ಎಂಥ ಕಳ್ಳ ನೋಡು. ಎರಡು ವರ್ಷ ಮೂಗನ ಹಾಗೆ ಕೂತಿದ್ದರು.”

“ಹೆಂಡತಿಯನ್ನೂ ಕರ್ಕೊಂಡು ಬನ್ನಿ, ಅವರಿಗೂ ಕಲಿಸುವ.”

ಬನ್ಸ್ ತರಿಸಿದರು. ಬಾಳೆಹಣ್ಣು ಕಲಸಿ ಕರಿದ, ಪೂರಿಯಂಥ ತಿಂಡಿ. ಅವರ ಸಂತೋಷ ನಿಜವಾದದ್ದು, ಅದರಲ್ಲಿ ನಾಟಕ ಇರಲಿಲ್ಲ. ಸಿಕ್ಕಿಬಿದ್ದೆವು ಎಂಬ ನಾಚಿಕೆಯೂ ಇರಲಿಲ್ಲ. ನಾನು ಮತ್ತೆ ಕೇಳಿದೆ: “ಪ್ರಿನ್ಸಿಪಾಲರ ಕಡೆ ಯಾವಾಗ ಹೋಗೂಣ್ರಿ?”

“ಇನ್ನೆಂತಕ್ಕೆ? ತುಳು ಬರ್ತದಲ್ಲ. ಅರ್ಥ ಆಗದ್ದನ್ನು ಸರ್ ತುಳುವಿನಲ್ಲೇ ಹೇಳ್ತಾರೆ,” ಎಂದ ಸದಾನಂದ.

ಯಾರೂ ಬರಲಿಲ್ಲ. ಸುದ್ದಿ ಮೇಷ್ಟ್ರಿಗೂ ಮುಟ್ಟಿತ್ತು, ಅವರಿಗೂ ಖುಷಿ. ಇಂಗ್ಲಿಷಿನಲ್ಲಿ ಹೇಳಿ ಮುಗಿಸಿ, ನನ್ನ ಕಡೆ ತಿರುಗಿ ತುಳುವಿನಲ್ಲಿ ವಿವರಿಸಿ, “ಅರ್ತ ಆಂಡಾ?” ಎಂದು ಕೇಳುವರು. ನನ್ನ ತುಳು ಎಂದರೆ ಕಲ್ಲು ಎತ್ತು, ಹಗ್ಗ ಸಡಿಲಿಸು, ಊಟ ಆಯಿತೇ. ಬಡ್ಡಿದರ, ಹಣದುಬ್ಬರ ಅದರೊಳಗೆ ಎಲ್ಲಿಂದ ಬರಬೇಕು? ಅಷ್ಟು ಗತ್ತಿನಿಂದ ಮಾತು ಎಸೆದವನಿಗೆ, ತಿಳಿಯಲಿಲ್ಲ ಎಂದು ಹೇಳಲು ಬಾಯಿ ಬರಲಿಲ್ಲ. ಆಂಡ್, ಆಯಿತು, ಎನ್ನುತ್ತಿದ್ದೆ.

ಇತಿಹಾಸ, ರಾಜ್ಯಶಾಸ್ತ್ರ ನಾನೇ ಓದಿಕೊಂಡು ಪಾಸಾದೆ. ಅರ್ಥಶಾಸ್ತ್ರ ಹೋಯಿತು. ಮತ್ತೆ ಕಟ್ಟಿದೆ, ಮತ್ತೆ ಹೋಯಿತು. ಗುಮಾಸ್ತರು ಪಾಸಾಗಿ, ಇನ್ಕ್ರಿಮೆಂಟ್ ತೆಗೆದುಕೊಂಡು, ವರ್ಗವಾಗಿ ಚದುರಿದರು. ಸದಾನಂದ ಮಾತ್ರ ಹೋಗುವ ಮೊದಲು ಬಿಡಾರಕ್ಕೆ ಬಂದು, ಬಿಡಬೇಡಿ, ಪುನಃ ಕಟ್ಟಿ ಎಂದ. ತುಳುವಿನಲ್ಲೇ ಹೇಳಿದ. ಆ ಚಹಾದ ದಿನದಿಂದ ಇಲ್ಲಿ ನನ್ನೊಡನೆ ಯಾರೂ ಕನ್ನಡ ಆಡುವುದಿಲ್ಲ.

ಆಮೇಲೆ ಹೆಂಡತಿ ಬಂದಳು, ಮಕ್ಕಳಾದವು, ಹಿರಿಯಡ್ಕದ ಕಡೆ ಜಾಗ ಮಾಡಿದೆ. ಊರಿಗೆ ಹೋದರೆ ಅಣ್ಣ ಕೇಳುತ್ತಾನೆ, “ಏನಪಾ, ನಿನ್ನ ಮಾತಿನ್ಯಾಗ ಉಂಟು-ಗಿಂಟು ಬರಾಕತ್ತಾವಲ್ಲ?” ಇಲ್ಲಿಯವರು ಪಕ್ಕದವರಿಗೆ ನನ್ನನ್ನು ತೋರಿಸಿ, “ಘಟ್ಟದ ಮೇಲಿನವರು, ಆದರೆ ತುಳು ಚೆಂದ ಮಾತಾಡ್ತಾರೆ,” ಎನ್ನುತ್ತಾರೆ. ಎರಡೂ ಕಡೆ ನಾನು ನಗುತ್ತೇನೆ, ಒಳಗೆ ಉರಿಯುತ್ತದೆ.

ಈಗ ನನ್ನ ಹತ್ತಿರ ಇರುವುದು ಇಷ್ಟು. ಹಿರಿಯಡ್ಕದಲ್ಲಿ ನಾನೇ ಕಟ್ಟಿದ ಎರಡು ಕೋಣೆಯ ಮನೆ. ಗದಗಿನ ಕಡೆ ಅಣ್ಣನೊಡನೆ ಇನ್ನೂ ಪಾಲಾಗದ ಹೊಲ. ಹೆಂಡತಿ, ಇಬ್ಬರು ಹೆಣ್ಣುಮಕ್ಕಳು. ನನ್ನ ಕೈಕೆಳಗೆ ಆರು ಮಂದಿ ಕೆಲಸದವರು. ಬಿ.ಎ.ಯಲ್ಲಿ ಅರ್ಥಶಾಸ್ತ್ರ ಒಂದನ್ನು ಬಿಟ್ಟು ಉಳಿದ ಎಲ್ಲ ವಿಷಯ.